ಕ್ರೀಡಾಸಂಘದ ಪದಾಧಿಕಾರಿಯ ನಿಧನಾನಂತರ: ಅಭಿಮಾನಿಗಳ ಸ್ಮರಣೆ ಮತ್ತು ಸಂಘದ ಲೆಕ್ಕಪತ್ರ

ವ್ಯಾಪಾರಿ ಪೇಢಿಯೊಂದರ ಯಜಮಾನರು ಕಾಲವಾದರೆ ಪೇಟೆಯ ಅಂಗಡಿಗಳು ಅರ್ಧ ದಿನ ಬಾಗಿಲು ಹಾಕುತ್ತವೆ. ದಿನಕರ್ಮಗಳು ಮುಗಿಯುವ ಮೊದಲೇ ಬ್ಯಾಂಕಿನವರು, ಸಾಲ ಕೊಟ್ಟವರು ಹಾಗೂ ಪಾಲುದಾರರು ಲೆಕ್ಕ ವಿಚಾರಿಸಲು ಆರಂಭಿಸುತ್ತಾರೆ. ಫುಟ್‌ಬಾಲ್ ಕ್ಲಬ್ಬಿನ ಮುಖ್ಯಸ್ಥರ ವಿಷಯದಲ್ಲಿ ಕ್ರಮ ಬೇರೆ. ಅಲ್ಲಿ ಲೆಕ್ಕ ಕೇಳುವವರಿಗಿಂತ ಮುಂಚೆ ಹೂವು ಹಿಡಿದು ಬರುವವರು ಅಭಿಮಾನಿಗಳು. ಅವರು ಷೇರುದಾರರಲ್ಲ, ಸಾಲಿಗರೂ ಅಲ್ಲ. ಆದರೂ ಸಂಸ್ಥೆಯ ಅತ್ಯಂತ ಬೆಲೆಬಾಳುವ ಆಸ್ತಿ ಇರುವುದು ಅವರ ಕೈಯಲ್ಲಿಯೇ. ಈ ವಿಚಿತ್ರ ಸಂಬಂಧವನ್ನು ಅರಿತರೆ ನೇಸರಗಿ, ಬೈಲಹೊಂಗಲ, ಸವದತ್ತಿ ಭಾಗದ ಯುವಕ ಸಂಘಗಳು ಹಾಗೂ ಕುಸ್ತಿ, ಕಬಡ್ಡಿ ಮಂಡಳಿಗಳಿಗೂ, ಅವುಗಳಿಗೆ ಪ್ರತಿ ವರ್ಷ ದೇಣಿಗೆ ಕೊಡುವ ವರ್ತಕರಿಗೂ ಪ್ರಯೋಜನವುಂಟು.

ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿನ ಉದಾಹರಣೆ ಜಗತ್ತಿಗೆಲ್ಲ ಪರಿಚಿತ. ಥಾಯ್ಲೆಂಡಿನಲ್ಲಿ 1989ರಲ್ಲಿ ಕಿಂಗ್ ಪವರ್ ಎಂಬ ಸುಂಕರಹಿತ ಮಳಿಗೆಗಳ ಉದ್ಯಮವನ್ನು ಸ್ಥಾಪಿಸಿದ ವಿಚೈ ಶ್ರೀವದ್ಧನಪ್ರಭ ಅವರು 2010ರಲ್ಲಿ ಈ ಕ್ಲಬ್ಬನ್ನು ಕೊಂಡರು. ವರದಿಯಾದ ಬೆಲೆ ಸುಮಾರು 3.9 ಕೋಟಿ ಪೌಂಡ್. ಆಗ ಅದು ಎರಡನೆಯ ದರ್ಜೆಯ ಲೀಗಿನಲ್ಲಿತ್ತು. 2015-16ರ ಸಾಲಿನ ಆರಂಭದಲ್ಲಿ ಬಾಜಿ ಕಟ್ಟುವ ಸಂಸ್ಥೆಗಳು ಈ ತಂಡದ ಗೆಲುವಿಗೆ ಒಂದಕ್ಕೆ 5,000ದ ದರ ನೀಡಿದ್ದವು. ಆ ಸಾಲಿನಲ್ಲಿಯೇ ತಂಡವು ಪ್ರೀಮಿಯರ್ ಲೀಗ್ ಗೆದ್ದಿತು. 2018ರ ಅಕ್ಟೋಬರ್ 27ರಂದು ಪಂದ್ಯ ಮುಗಿದ ಬಳಿಕ ಕ್ರೀಡಾಂಗಣದಿಂದ ಮೇಲೇರಿದ ಹೆಲಿಕಾಪ್ಟರ್ ಪಕ್ಕದಲ್ಲಿಯೇ ಉರುಳಿ, ವಿಚೈ ಸಹಿತ ಐವರು ಮೃತಪಟ್ಟರು.

ಮರುದಿನ ಬೆಳಗಿನಿಂದಲೇ ಕ್ರೀಡಾಂಗಣದ ಹೊರಗೆ ಹೂಗುಚ್ಛಗಳು, ಅಂಗಿಗಳು, ಕೊರಳವಸ್ತ್ರಗಳು ರಾಶಿಯಾದವು. ಅವುಗಳ ನಡುವೆ ಯಾರೋ ಗಣಪತಿಯ ಚಿತ್ರವೊಂದನ್ನೂ ಇರಿಸಿದ್ದರು. ಲೆಸ್ಟರ್ ನಗರದಲ್ಲಿ ಭಾರತೀಯ ಮೂಲದವರು ಬಹುಸಂಖ್ಯೆಯಲ್ಲಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಅದೇ ನವೆಂಬರ್ 10ರಂದು ಸಾವಿರಾರು ಅಭಿಮಾನಿಗಳು ಸ್ಮರಣಾರ್ಥ ನಡಿಗೆಯಲ್ಲಿ ಕ್ರೀಡಾಂಗಣ ತಲುಪಿದರು. ನಡಿಗೆಗೆ ಆ 5,000ದ ಬಾಜಿಯ ದರವನ್ನೇ ಹೆಸರಾಗಿ ಇಟ್ಟಿದ್ದರು. ಅವರು ನೆನೆದದ್ದು ಶ್ರೀಮಂತಿಕೆಯನ್ನಲ್ಲ. ಹುಟ್ಟುಹಬ್ಬದ ಸಮಯದಲ್ಲಿ ಪ್ರೇಕ್ಷಕರಿಗೆಲ್ಲ ಪಾನೀಯ ಮತ್ತು ತಿಂಡಿ ಹಂಚಿಸುತ್ತಿದ್ದುದು, ಊರಿನ ಮಕ್ಕಳ ಆಸ್ಪತ್ರೆಗೆ 20 ಲಕ್ಷ ಪೌಂಡ್ ದಾನ ಕೊಟ್ಟದ್ದು ಇಂಥ ಸಂಗತಿಗಳನ್ನು. 2022ರ ಏಪ್ರಿಲ್ 4ರಂದು, ಅವರ ಜನ್ಮದಿನದಂದೇ, ಕ್ರೀಡಾಂಗಣದ ಹೊರಗೆ ಪ್ರತಿಮೆ ಅನಾವರಣಗೊಂಡಿತು.

ಈ ಪ್ರೀತಿಗೆ ಅಢಾವೆ ಪತ್ರಿಕೆಯಲ್ಲಿ ಸ್ಥಾನವೆಲ್ಲಿ? ಉತ್ತರ ಸರಳ: ಎಲ್ಲಿಯೂ ಇಲ್ಲ. ಸಂಸ್ಥೆಯು ತಾನೇ ಬೆಳೆಸಿಕೊಂಡ ಕೀರ್ತಿಮೌಲ್ಯವನ್ನು ಆಸ್ತಿಯೆಂದು ತೋರಿಸಲು ಭಾರತದ 26ನೆಯ ಲೆಕ್ಕಪತ್ರ ಮಾನಕವೂ ಒಪ್ಪುವುದಿಲ್ಲ, ಅಂತರರಾಷ್ಟ್ರೀಯ ಮಾನಕವೂ ಒಪ್ಪುವುದಿಲ್ಲ. ಕೊಂಡು ತಂದದ್ದನ್ನು ಮಾತ್ರ ತೋರಿಸಬಹುದು. ಆಟಗಾರನ ವರ್ಗಾವಣೆಗೆ ಕೊಟ್ಟ ಹಣವನ್ನು ಆಸ್ತಿಯಾಗಿ ಬರೆದು, ಒಪ್ಪಂದದ ಅವಧಿಗೆ ಹಂಚಿ ಪ್ರತಿ ವರ್ಷ ಖರ್ಚು ಹಾಕಲಾಗುತ್ತದೆ. ಲೆಸ್ಟರ್ 2015ರಲ್ಲಿ ಎನ್‌ಗೊಲೊ ಕಾಂಟೆ ಎಂಬ ಆಟಗಾರನನ್ನು ನಾಲ್ಕು ವರ್ಷಗಳ ಒಪ್ಪಂದದ ಮೇಲೆ ಸುಮಾರು 56 ಲಕ್ಷ ಪೌಂಡಿಗೆ ತಂದಿತೆಂದು ವರದಿಗಳಿದ್ದವು. ವರ್ಷಕ್ಕೆ 14 ಲಕ್ಷದಂತೆ ಖರ್ಚು ಹಾಕಿದರೆ ಒಂದು ವರ್ಷದ ಬಳಿಕ ಪುಸ್ತಕದ ಬೆಲೆ 42 ಲಕ್ಷ. 2016ರಲ್ಲಿ ಆತನನ್ನು ಚೆಲ್ಸಿ ಕ್ಲಬ್ಬಿಗೆ 3 ಕೋಟಿ ಪೌಂಡಿನ ಆಸುಪಾಸಿಗೆ ಕೊಡಲಾಯಿತು. ವ್ಯತ್ಯಾಸವೆಲ್ಲ ಆ ವರ್ಷದ ಲಾಭ. ಆಟಗಾರನನ್ನು ಹೀಗೆ ಅಳೆಯಬಹುದು. ಆತನನ್ನು ಗುರುತಿಸಿದ ಆಡಳಿತವನ್ನು, ಮಳೆಯಲ್ಲಿ ನಿಂತು ಚೀಟಿ ಕೊಳ್ಳುವ ಅಭಿಮಾನಿಯನ್ನು ಅಳೆಯುವ ಖಾತೆ ಇನ್ನೂ ಹುಟ್ಟಿಲ್ಲ.

ಅಭಿಮಾನಿಗಳು ಬಹುಶಃ ಹೆಚ್ಚು ಗಮನಿಸದ ಇನ್ನೊಂದು ಸಂಗತಿಯುಂಟು. ವರ್ತಕರಿಗೆ ಮುಖ್ಯವಾದದ್ದು ಅದೇ. ಮಾಲೀಕರು ಕ್ಲಬ್ಬಿಗೆ ಹಾಕಿದ ಹಣ ಮೊದಲಿಗೆ ಸಾಲದ ರೂಪದಲ್ಲಿತ್ತು. 2013ರಲ್ಲಿ ಸುಮಾರು 10.3 ಕೋಟಿ ಪೌಂಡ್ ಸಾಲವನ್ನು ಷೇರು ಬಂಡವಾಳವಾಗಿ ಪರಿವರ್ತಿಸಲಾಯಿತು. ಸಾಲವೆಂದರೆ ಮರಳಿ ಕೇಳುವ ಹಕ್ಕು. ಆ ಹಕ್ಕು ವ್ಯಕ್ತಿ ತೀರಿದ ಬಳಿಕ ವಾರಸುದಾರರಿಗೆ ಹೋಗುತ್ತದೆ. ಬಂಡವಾಳವೆಂದರೆ ಸಂಸ್ಥೆಯ ಏರಿಳಿತದಲ್ಲಿ ಪಾಲು ಮಾತ್ರ. ಇಷ್ಟು ದೊಡ್ಡ ಮೊತ್ತದ ಮೇಲೆ ಮರುಪಾವತಿಯ ಕತ್ತಿ ತೂಗಾಡದಂತೆ ಅದರಿಂದಾಯಿತು. ದುರಂತದ ಬಳಿಕ ಮಗ ಅಯ್ಯವತ್ತ್ ಅವರು ಅಧ್ಯಕ್ಷಸ್ಥಾನ ವಹಿಸಿದರು; 2021ರಲ್ಲಿ ತಂಡವು ಎಫ್.ಎ. ಕಪ್ ಗೆದ್ದಿತು. 2023ರಲ್ಲಿ ಕೆಳದರ್ಜೆಗೆ ಇಳಿದದ್ದೂ ನಿಜ. ಪ್ರತಿಮೆಯು ತಂಡವನ್ನು ಕಾಯುವುದಿಲ್ಲ.

ಬೆಂಗಳೂರಿನ ನಂಟಿರುವ ಉದಾಹರಣೆ

1889ರಲ್ಲಿ ಸ್ಥಾಪಿತವಾದ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಕಾರ್ಯದರ್ಶಿಯಾಗಿ ಅಂಜನ್ ಮಿತ್ರ ಅವರು 1995ರಿಂದ 2018ರವರೆಗೆ ದುಡಿದು, 2019ರ ನವೆಂಬರ್ 8ರಂದು ನಿಧನರಾದರು. ಇವರು ಮಾಲೀಕರಲ್ಲ, ಸದಸ್ಯರ ಸಂಘದ ಪದಾಧಿಕಾರಿ. ಅವರ ಅವಧಿಯಲ್ಲಿ ತಂಡವು ಮೂರು ಬಾರಿ ರಾಷ್ಟ್ರೀಯ ಲೀಗ್ ಹಾಗೂ 2014-15ರ ಐ-ಲೀಗ್ ಗೆದ್ದಿತು. ಕೊನೆಯದು ನಿರ್ಣಯವಾದದ್ದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ, 2015ರ ಮೇ 31ರಂದು. ಬೆಂಗಳೂರು ಎಫ್.ಸಿ. ಒಂದು ಗೋಲು ಮುಂದಿತ್ತು. ಪ್ರಶಸ್ತಿಗೆ ಡ್ರಾ ಸಾಕಾಗಿದ್ದ ಬಾಗಾನ್ ಪರವಾಗಿ 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಗುರಿ ಸೇರಿತು. ಹದಿಮೂರು ವರ್ಷಗಳ ಬಳಿಕ ಬಂದ ಲೀಗ್ ಪ್ರಶಸ್ತಿ ಅದು. ಆ ತಲೆಮಾರಿನ ಬಾಗಾನ್ ಅಭಿಮಾನಿಗೆ ಮಿತ್ರ ಅವರ ಕಾಲವೆಂದರೆ ಆ ಸಂಜೆಯೂ ಸೇರಿದ ಕಾಲ.

ಹಣಕಾಸಿನ ನಂಟು ಅದಕ್ಕೂ ಹಿಂದಿನದು. 1998ರಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹವು ಮೋಹನ್ ಬಾಗಾನ್ ಮತ್ತು ಅದರ ಪ್ರತಿಸ್ಪರ್ಧಿ ಈಸ್ಟ್ ಬೆಂಗಾಲ್ ಎರಡರ ಫುಟ್‌ಬಾಲ್ ಕಂಪನಿಗಳಲ್ಲಿಯೂ ಅರ್ಧರ್ಧ ಪಾಲು ಪಡೆಯಿತು. ಹೀಗೆ ಸದಸ್ಯರ ಸಂಘ ಒಂದು ಕಡೆ, ತಂಡ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿ ಇನ್ನೊಂದು ಕಡೆ ಎಂಬ ವ್ಯವಸ್ಥೆ ಬಂದಿತು. ಮಿತ್ರ ಅವರು ತೀರಿಕೊಂಡ ಎರಡು ತಿಂಗಳಲ್ಲಿ, 2020ರ ಜನವರಿಯಲ್ಲಿ, ಆರ್.ಪಿ.-ಸಂಜೀವ್ ಗೋಯೆಂಕಾ ಸಮೂಹವು ತಂಡದ ಕಂಪನಿಯಲ್ಲಿ ಶೇಕಡಾ 80 ಪಾಲು ಪಡೆಯುವುದಾಗಿ ಪ್ರಕಟವಾಯಿತು. ಕ್ಲಬ್ಬಿಗೆ ಉಳಿದದ್ದು ಶೇಕಡಾ 20. ಹಸಿರು-ಕೆಂಗಂದು ಬಣ್ಣ ಉಳಿಯಿತಾದರೂ ತಂಡದ ಹೆಸರಿನ ಮುಂದೆ ‘ಎಟಿಕೆ’ ಎಂಬ ಮೂರು ಅಕ್ಷರಗಳು ಸೇರಿದವು. ಅಭಿಮಾನಿಗಳು ಅದನ್ನು ಒಪ್ಪಲಿಲ್ಲ. ಮೂರು ವರ್ಷ ಪ್ರತಿಭಟಿಸಿದರು. 2023ರಲ್ಲಿ ಆ ಅಕ್ಷರಗಳು ಹೋಗಿ, ಮೋಹನ್ ಬಾಗಾನ್ ಸೂಪರ್ ಜೈಂಟ್ ಎಂಬ ಹೆಸರು ಬಂದಿತು. ಶೇಕಡಾ 80 ಪಾಲಿದ್ದವರು ಒಂದೂ ಷೇರು ಇಲ್ಲದವರ ಮಾತಿಗೆ ಮಣಿದರೆಂಬುದು ಗಮನಾರ್ಹ. ಈಸ್ಟ್ ಬೆಂಗಾಲ್ ತಂಡದಲ್ಲಿ 2018ರಲ್ಲಿ ಶೇಕಡಾ 70 ಪಾಲು ಪಡೆದ ಬೆಂಗಳೂರಿನ ಕ್ವೆಸ್ ಕಾರ್ಪ್ ಕಂಪನಿಯ ಪಾಲುದಾರಿಕೆಯಂತೂ 2020ರಲ್ಲಿಯೇ ಮುಗಿಯಿತು.

ಈ ಭಾಗದ ಸಂಘಗಳಿಗೆ ಅನ್ವಯ

ಸ್ಮರಣೆಯ ಕೆಲಸವನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯಿದೆ, ನಂದಗಡದಲ್ಲಿ ರಾಯಣ್ಣನ ಆಲದ ಮರಕ್ಕೆ ಜನ ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಫುಟ್‌ಬಾಲ್ ವಿಷಯಕ್ಕೇ ಬಂದರೆ, ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ಸ್ಮರಣಾರ್ಥ ಅಂತರಶಾಲಾ ಪಂದ್ಯಾವಳಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಹಳ್ಳಿಗಳಲ್ಲಿ ಜಾತ್ರೆಯ ಜಂಗೀ ಕುಸ್ತಿಗೆ, ಕಬಡ್ಡಿ ಪಂದ್ಯಕ್ಕೆ ತೀರಿಹೋದವರ ಹೆಸರಿನ ಢಾಲು ಅಥವಾ ಬೆಳ್ಳಿ ಕಡಗ ಇಡುವ ಪದ್ಧತಿಯೂ ಇದೆ. ಕೊರತೆ ಇರುವುದು ಶ್ರದ್ಧೆಯಲ್ಲಲ್ಲ, ಕೀರ್ದಿಯಲ್ಲಿ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಇಪ್ಪತ್ತು ವರ್ಷ ಸಂಘ ನಡೆಸಿದ ಕಾರ್ಯದರ್ಶಿ ತೀರಿಕೊಳ್ಳುತ್ತಾರೆ. ಅಭಿಮಾನಿಗಳು ವಾರದೊಳಗೆ ಪೇಟೆಯಲ್ಲಿ ದೇಣಿಗೆ ಪಟ್ಟಿ ಹಿಡಿದು ತಿರುಗುತ್ತಾರೆ. ಆಡತಿ ಅಂಗಡಿಗಳವರು, ಗೊಬ್ಬರದ ವ್ಯಾಪಾರಿಗಳು ಉದಾರವಾಗಿ ಕೊಡುತ್ತಾರೆ. ಸಂಘಕ್ಕೆ ನೋಂದಣಿ ಇಲ್ಲದ್ದರಿಂದ ಹಣವು ನಂಬಿಗಸ್ತ ಒಬ್ಬರ ಸ್ವಂತ ಉಳಿತಾಯ ಖಾತೆಗೆ ಜಮಾ ಆಗುತ್ತದೆ. ಮೊದಲ ವರ್ಷ ಪಂದ್ಯ ಭರ್ಜರಿಯಾಗಿ ನಡೆಯುತ್ತದೆ, ಮೂರನೆಯ ವರ್ಷಕ್ಕೆ ಹಣ ಎಲ್ಲಿ ಎಂಬ ಮಾತು ಏಳುತ್ತದೆ. ಆ ನಂಬಿಗಸ್ತರೇ ಅಕಸ್ಮಾತ್ ತೀರಿಕೊಂಡರೆ ಬ್ಯಾಂಕು ಆ ಹಣವನ್ನು ಕೊಡುವುದು ಅವರ ನಾಮಿನಿಗೆ, ಸಂಘಕ್ಕಲ್ಲ. ನಾಮಿನಿಯು ವಾರಸುದಾರರ ಪರವಾಗಿ ಹಣ ಹಿಡಿದವನಷ್ಟೇ. ಆದರೆ ಅದು ಸಂಘದ ಹಣವೆಂದು ಸಾಬೀತುಪಡಿಸುವ ಹೊರೆ ಸಂಘದ ಮೇಲೆಯೇ ಬೀಳುತ್ತದೆ. ಸತ್ತವರ ಒಳ್ಳೆಯ ಹೆಸರು ಈ ತಂಟೆಯಲ್ಲಿ ಹಾಳಾಗುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಆದ್ದರಿಂದ ಮೊದಲ ಕೆಲಸ, 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಸಂಘವನ್ನು ನೋಂದಾಯಿಸುವುದು. ನೋಂದಣಿಯಾದ ಬಳಿಕ ವಾರ್ಷಿಕ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟೋ ಸಂಘಗಳು ನೋಂದಣಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಈ ಎರಡನೆಯ ಭಾಗವನ್ನು ಮರೆಯುತ್ತವೆ. ಖಾತೆ ಸಂಘದ ಹೆಸರಿನಲ್ಲಿರಲಿ, ರುಜು ಮಾಡುವವರು ಕನಿಷ್ಠ ಇಬ್ಬರಿರಲಿ. ಇಬ್ಬರ ಪೈಕಿ ಒಬ್ಬರು ತೀರಿಕೊಂಡಾಗ ಬದಲಿ ಹೆಸರಿನ ಠರಾವನ್ನು ಬ್ಯಾಂಕಿಗೆ ತಡಮಾಡದೆ ಕೊಡಬೇಕು.

ಎರಡನೆಯದು ಸ್ಮಾರಕ ನಿಧಿ. ಇದನ್ನು ಸಾಮಾನ್ಯ ದೇಣಿಗೆಯೊಡನೆ ಬೆರೆಸಬಾರದು. ಮೂಲಧನವಾಗಿ ಉಳಿಸತಕ್ಕದ್ದೆಂದು ದಾನಿಗಳಿಂದ ಒಂದು ಸಾಲಿನ ಪತ್ರ ಪಡೆದು, ಪಾವತಿಯಲ್ಲಿಯೂ ಹಾಗೆಯೇ ನಮೂದಿಸಬೇಕು. ದಾನಿಗೆ ಆದಾಯ ತೆರಿಗೆಯ ರಿಯಾಯಿತಿ ಬೇಕಾದರೆ ಸಂಘಕ್ಕೆ ಇಲಾಖೆಯ ಪ್ರತ್ಯೇಕ ಅನುಮೋದನೆ ಇರಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿ ಸಿಗುವುದಿಲ್ಲ. ಉದಾಹರಣೆಗೆ 3,00,000 ರೂಪಾಯಿ ಕೂಡಿತೆನ್ನೋಣ. ಶೇಕಡಾ 7ರ ಮುದ್ದತಿ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 21,000 ಬಡ್ಡಿ. ಅಷ್ಟನ್ನೂ ಪಂದ್ಯಕ್ಕೆ ಖರ್ಚು ಮಾಡಿದರೆ ಹತ್ತು ವರ್ಷಗಳ ಬಳಿಕವೂ ಬಡ್ಡಿ ಅಷ್ಟೇ ಇರುತ್ತದೆ; ಮಂಟಪ, ಊಟ, ಪಂಚರ ಭತ್ಯೆ ಮಾತ್ರ ಏರಿರುತ್ತವೆ. 14,000 ಖರ್ಚು ಮಾಡಿ 7,000 ಮೂಲಧನಕ್ಕೆ ಸೇರಿಸಿದರೆ ಮರುವರ್ಷದ ಬಡ್ಡಿ 21,490 ಆಗುತ್ತದೆ. ಏರಿಕೆ ಚಿಕ್ಕದು, ಆದರೆ ನಿಲ್ಲುವುದಿಲ್ಲ. ಮೊದಲ ವರ್ಷವೇ ಬೆಳ್ಳಿಯ ದೊಡ್ಡ ಢಾಲು ಮಾಡಿಸುವ ಉತ್ಸಾಹವನ್ನು ತಡೆದುಕೊಳ್ಳುವುದೇ ಇಲ್ಲಿ ಕಷ್ಟದ ಸಂಗತಿ.

ಕಡೆಯದಾಗಿ, ಪದಾಧಿಕಾರಿಯು ಬದುಕಿದ್ದಾಗ ಸ್ವಂತ ಕಿಸೆಯಿಂದ ಹಾಕಿದ ಹಣ. ಮೈದಾನ ಸಮ ಮಾಡಿಸಲು, ತಂಡವನ್ನು ಊರೂರಿಗೆ ಕರೆದೊಯ್ಯಲು ಅವರು ಕೊಟ್ಟದ್ದು ಸಾಲವೇ, ದಾನವೇ? ಅವರ ಮನೆಯಲ್ಲಿ ಸಿಕ್ಕ ವಹಿಯಲ್ಲಿ ‘ಸಂಘಕ್ಕೆ ಕೊಟ್ಟದ್ದು’ ಎಂದು ಬರೆದಿರುತ್ತದೆ. ಸಂಘದ ಪುಸ್ತಕದಲ್ಲಿ ಏನೂ ಇರುವುದಿಲ್ಲ. ಮಕ್ಕಳು ಕೇಳಿದರೆ ಅಭಿಮಾನಿಗಳಿಗೆ ಸಿಟ್ಟು, ಕೇಳದಿದ್ದರೆ ಮನೆಯವರಿಗೆ ನೋವು. ಲೆಸ್ಟರಿನವರು 10.3 ಕೋಟಿ ಪೌಂಡಿಗೆ ಮಾಡಿದ ಕೆಲಸವನ್ನು 30,000 ರೂಪಾಯಿಗೂ ಮಾಡಬಹುದು. ಹಣ ಕೊಟ್ಟ ವರ್ಷವೇ ಖತಾವಣಿಯಲ್ಲಿ ಪದಾಧಿಕಾರಿಯ ಹೆಸರಿಗೆ ಜಮಾ ಬರೆದು, ವರ್ಷಾಂತ್ಯಕ್ಕೆ ಅವರಿಂದಲೇ ಲಿಖಿತ ಒಪ್ಪಿಗೆ ಪಡೆಯಬೇಕು: ಮರಳಿ ಬೇಕಾದದ್ದು ಇಷ್ಟು, ಸಂಘಕ್ಕೆ ಬಿಟ್ಟುಕೊಟ್ಟದ್ದು ಇಷ್ಟು ಎಂದು. ಬಿಟ್ಟುಕೊಟ್ಟ ಮೊತ್ತವನ್ನು ವಾರ್ಷಿಕ ಸಭೆಯಲ್ಲಿ ಓದಿ, ಠರಾವಿನಲ್ಲಿ ಅವರ ಹೆಸರನ್ನು ಅವರ ಎದುರಿನಲ್ಲಿಯೇ ದಾಖಲಿಸತಕ್ಕದ್ದು.