ಪಿಸ್ತೂಲೂ ಕವಚವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಆತ್ಮರಕ್ಷಣೆಗಾಗಿ ಪಿಸ್ತೂಲು ಧರಿಸುವ ಸಾಮಾನ್ಯ ನಾಗರಿಕನು ಗುಂಡುನಿರೋಧಕ ಕವಚವನ್ನೂ ನಿತ್ಯವೂ ತೊಡಬೇಕೇ ಎಂಬ ಪ್ರಶ್ನೆಯುಂಟು. ಪಿಸ್ತೂಲು ವೈರಿಯನ್ನು ಹೊಡೆಯಬಲ್ಲುದೇ ಹೊರತು ಎದುರು ಬರುವ ಗುಂಡನ್ನು ತಡೆಯಲಾರದು. ಆದುದರಿಂದ ಕವಚವೂ ಬೇಕೆಂಬ ವಾದವು ಮೇಲ್ನೋಟಕ್ಕೆ ಯುಕ್ತವಾಗಿಯೇ ತೋರುವುದು. ಆದರೆ ಅಂಗಿಯೊಳಗೆ ತೊಡುವ ಕೆವ್ಲಾರ್ ಕವಚವು ಪಿಸ್ತೂಲಿನ ಗುಂಡನ್ನು ತಡೆದೀತು. ರೈಫಲಿನ ಗುಂಡಿಗೆ ಭಾರವಾದ ಗಟ್ಟಿ ಫಲಕಗಳೇ ಬೇಕು. ತಲೆಗೆ ಎರಡರಿಂದಲೂ ರಕ್ಷಣೆಯಿಲ್ಲ.

ಇದಲ್ಲದೆ ಕವಚವು ಸಜ್ಜನ ದುರ್ಜನರೆಂದು ಭೇದವೆಣಿಸದು. 2022ನೆಯ ಇಸವಿ ಮೇ 14ರಂದು ಬಫಲೋ ನಗರದ ದಿನಸಿ ಅಂಗಡಿಯೊಂದರಲ್ಲಿ ಕವಚ ತೊಟ್ಟು ಬಂದವನು ಕೊಲೆಗಡುಕನೇ. ಕಾವಲುಗಾರನು ಹಾರಿಸಿದ ಗುಂಡು ಅದಕ್ಕೆ ತಾಗಿ ವ್ಯರ್ಥವಾಯಿತು. ಅವನೂ ಸೇರಿ 10 ಮಂದಿ ಹತರಾದರು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವು ಕವಚದ ಮಾರಾಟವನ್ನು ಕೆಲವು ವೃತ್ತಿಗಳವರಿಗೆ ಮಾತ್ರ ಸೀಮಿತಗೊಳಿಸಿತು.

ಪ್ರಾಣಬೆದರಿಕೆಗೆ ಗುರಿಯಾದವನೂ ಹಣ ಸಾಗಿಸುವ ಕಾವಲುಗಾರನೂ ಕವಚ ತೊಡುವುದು ವಿವೇಕವೇ ಸರಿ. ತರಕಾರಿ ತರಲು ಹೊರಟವನಿಗೂ ಅದು ನಿತ್ಯದ ಉಡುಪಾಗಬೇಕೆಂಬುದನ್ನು ಮಾತ್ರ ನಾವು ಒಪ್ಪಲಾರೆವು. ಅದು ದೂರ ಸರಿಯಬೇಕಾದವನನ್ನು ಮುನ್ನುಗ್ಗುವಂತೆ ಮಾಡೀತೆಂಬ ಭಯವುಂಟು. ಪ್ರಜೆಯು ಯೋಧನಂತೆ ಸಜ್ಜಾಗದೆ ಪೇಟೆಗೆ ಹೋಗಲಾರನೆಂದಾದರೆ, ಕೊರತೆಯಿರುವುದು ಅವನ ಉಡುಪಿನಲ್ಲಲ್ಲ, ಅವನನ್ನು ಕಾಯಬೇಕಾದ ರಾಜ್ಯದಲ್ಲಿ.