ಪರದೇಶಿಗಳು ಕಂಡ ವಿಜಯನಗರದ ಬೀದಿ

ವಿಜಯನಗರದ ಅರಸರು ಕಲ್ಲಿನಲ್ಲಿ ಕೊರೆಸಿದ್ದು ದಾನ, ದತ್ತಿ, ಗೆಲುವುಗಳನ್ನು. ದಿನ ಬೆಳಗಾದರೆ ಜನ ಏನು ಕೊಳ್ಳುತ್ತಿದ್ದರು, ಏನು ತಿನ್ನುತ್ತಿದ್ದರು ಎಂಬುದು ಹೆಚ್ಚಾಗಿ ತಿಳಿಯುವುದು ಹೊರಗಿನಿಂದ ಬಂದವರ ಬರಹಗಳಿಂದ. ಊರವರಿಗೆ ಮಾಮೂಲಿಯಾಗಿದ್ದುದೇ ಅವರಿಗೆ ಹೊಸದಾಗಿತ್ತು.

ತೈಮೂರನ ಮಗ ಶಾರುಖನ ರಾಯಭಾರಿ, ಹೆರಾತಿನ ಅಬ್ದುಲ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ. ಏಳು ಸುತ್ತಿನ ಕೋಟೆ, ಬಯಲಲ್ಲೇ ಮುತ್ತು ಮಾಣಿಕ್ಯ ಮಾರುವ ಅಂಗಡಿಗಳು, ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರು ಎಲ್ಲವನ್ನೂ ಬರೆದ. ಗುಲಾಬಿ ಇಲ್ಲದೆ ಈ ಜನ ಬದುಕಲಾರರು, ಅದು ಇವರಿಗೆ ಅನ್ನದಷ್ಟೇ ಅಗತ್ಯ ಎಂದು ಬೆರಗಾದ. ವೀಳ್ಯ ಹಾಕಿಕೊಂಡರೆ ಮುಖಕ್ಕೆ ಕಳೆ ಬರುತ್ತದೆ, ಹಸಿವು ಅಡಗುತ್ತದೆ ಎಂದೂ ಹೊಗಳಿದ. ಆತ ಗಮನಿಸಿದ ಇನ್ನೊಂದು ಸಂಗತಿ ಬರವಣಿಗೆ: ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀಚುವುದು ಒಂದು ಬಗೆ, ಕಪ್ಪು ಬಳಿದ ಹಾಳೆಯ ಮೇಲೆ ಮೆತ್ತನೆ ಕಲ್ಲಿನಿಂದ ಬಿಳಿ ಅಕ್ಷರ ಮೂಡಿಸುವುದು ಇನ್ನೊಂದು. ಇದು ನಮ್ಮ ಕಡತ ಮತ್ತು ಬಳಪವೇ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ಬರಹ ಇನ್ನೂ ಹತ್ತಿರದ್ದು. ರಾಜಧಾನಿಗೆ ಮುನ್ನ ಅವನಿಗೆ ಸಿಕ್ಕಿದ್ದು ರಾಯ ಆಗಷ್ಟೇ ಕಟ್ಟಿಸಿದ್ದ ಹೊಸ ಊರು ನಾಗಲಾಪುರ, ಅಂದರೆ ಈಗಿನ ಹೊಸಪೇಟೆ. ಮುಂದೆ ರಾಜಧಾನಿಯ ಬೀದಿಯೊಂದರಲ್ಲಿ ಶುಕ್ರವಾರದ ಸಂತೆ. ಹಂದಿ, ಕೋಳಿ, ಸಮುದ್ರದ ಒಣಮೀನು ಬರುತ್ತಿದ್ದವು. ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಎಂದು ದರವನ್ನೂ ಬರೆದಿಟ್ಟ. ಜಗತ್ತಿನಲ್ಲೇ ಎಲ್ಲ ಪದಾರ್ಥ ಇಷ್ಟು ಧಾರಾಳವಾಗಿ ಸಿಗುವ ಊರು ಬೇರೊಂದಿಲ್ಲ ಎಂದ. ಹೊಗಳಿಕೆಯ ಮಾತಿಗಿಂತ ದ್ರಾಕ್ಷಿಯ ದರವೇ ಇಂದಿನ ಓದುಗನಿಗೆ ಹೆಚ್ಚು ಹೇಳುತ್ತದೆ.

ಹೊಸಪೇಟೆಯ ಪಕ್ಕ ಎರಡು ಗುಡ್ಡಗಳ ನಡುವೆ ಏಳುತ್ತಿದ್ದ ಕೆರೆಯ ಏರಿಯನ್ನೂ ಪಾಯಸ್ ಕಂಡ. ದುಡಿಯುತ್ತಿದ್ದವರು ಹದಿನೈದು ಇಪ್ಪತ್ತು ಸಾವಿರ ಜನ. ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲವಂತೆ. ಮುಂದೆ 1535ರ ಹೊತ್ತಿಗೆ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್, ಈ ಕೆಲಸಕ್ಕೆ ಪೋರ್ಚುಗೀಸ್ ಕಲ್ಲುಕುಟಿಗನೊಬ್ಬ ನೆರವಾದುದನ್ನು ತಿಳಿಸುತ್ತಾನೆ. ಏರಿ ನಿಲ್ಲಲೆಂದು ನರಬಲಿ ಕೊಟ್ಟ ಮಾತು ಇಬ್ಬರ ಬರಹದಲ್ಲೂ ಇದೆ. ವೈಭವವನ್ನಷ್ಟೇ ನೆನೆಯುವವರು ಆ ಸಾಲುಗಳನ್ನು ದಾಟಿಹೋಗಬಾರದು.

ಈ ಬರಹಗಳಿಗೆ ಮಿತಿಯೂ ಇದೆ. ಬಂದವರಿಗೆ ಆಸ್ಥಾನ, ಪೇಟೆ, ಹಬ್ಬ ತೆರೆದಿದ್ದವು. ಒಕ್ಕಲಿಗನ ಒಲೆ, ಹೆಂಗಸರ ಮನೆಗೆಲಸ ಅವರ ಕಣ್ಣಿಗೆ ಬಿದ್ದದ್ದು ಕಡಿಮೆ. ಆದರೂ ಹಂಪಿಯ ಬಜಾರಿನ ಕಲ್ಲುಕಂಬಗಳ ಸಾಲಿನಲ್ಲಿ ಗಿರಾಕಿಗಳನ್ನು ಮತ್ತೆ ಕಾಣಬೇಕಾದರೆ ಇವರನ್ನು ಬಿಟ್ಟರೆ ಗತಿಯಿಲ್ಲ. ಹಂಪಿಗೆ ಹೊರಡುವವರು ಪಾಯಸ್‌ನ ಸಂತೆಯ ನಾಲ್ಕು ಪುಟಗಳನ್ನಾದರೂ ಓದಿಕೊಂಡು ಹೋಗಬೇಕು.