ಚೆಕ್ಕಿನ ಬೆನ್ನಿನ ಮೇಲಿನ ಖೋಟಾ ರುಜು

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವರಾರು ಎಂಬ ಮಾತನ್ನು ಗೃಹಸ್ಥರೆಲ್ಲರೂ ಬಲ್ಲರು. ವ್ಯವಹಾರವನ್ನು ನೋಡಿಕೊಳ್ಳಲೆಂದು ನಂಬಿ ಇಟ್ಟುಕೊಂಡ ಗುಮಾಸ್ತನೇ ಚೆಕ್ಕಿನ ಮೇಲೆ ಪರರ ರುಜುವನ್ನು ಬರೆದು ಹಣವನ್ನು ಅಪಹರಿಸಿದರೆ ಆ ನಷ್ಟವನ್ನು ಹೊರತಕ್ಕವರು ಯಾರು? ಗುಮಾಸ್ತನೇ ಹೊರಬೇಕೆಂಬುದು ನ್ಯಾಯವಾದರೂ, ಮೋಸವು ಬಯಲಾಗುವ ವೇಳೆಗೆ ಅವನ ಕೈಯಲ್ಲಿ ಹಣವು ಉಳಿದಿರುವುದು ಅಪರೂಪ. ಉಳಿಯುವವರು ಇಬ್ಬರು: ಯಜಮಾನ ಮತ್ತು ಬ್ಯಾಂಕು. ಇವರಲ್ಲಿ ಯಾರು ಹೊಣೆಯೆಂಬುದು, ಸುಳ್ಳು ರುಜು ಚೆಕ್ಕಿನ ಮುಖದ ಮೇಲಿದೆಯೋ ಬೆನ್ನಿನ ಮೇಲಿದೆಯೋ ಎಂಬುದನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ವಾಚಕರು ಈ ಭೇದವನ್ನು ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಚೆಕ್ಕಿನ ಮುಖದ ಮೇಲಿರುವುದು ಖಾತೆದಾರನ ರುಜು. ಅದರ ಮಾದರಿಯು ಬ್ಯಾಂಕಿನ ವಶದಲ್ಲಿಯೇ ಇರುತ್ತದೆ. ಆದುದರಿಂದ ಅದನ್ನು ಗುರುತಿಸುವ ಭಾರವೂ ಬ್ಯಾಂಕಿನದೇ. ಮಂಗಳೂರಿನ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯಲ್ಲಿ ಚೆಕ್ಕುಪುಸ್ತಕಗಳು ಯಾರ ವಶದಲ್ಲಿದ್ದವೋ ಆ ಲೆಕ್ಕಿಗನೇ ಮ್ಯಾನೇಜಿಂಗ್ ಡೈರೆಕ್ಟರರ ರುಜುವನ್ನು ಅನುಕರಿಸಿದನು. ಹೀಗೆ 42 ಚೆಕ್ಕುಗಳ ಮೂಲಕ ಕೆನರಾ ಬ್ಯಾಂಕಿನಿಂದ ಹೋದ ಹಣ 3,26,047 ರೂಪಾಯಿ 92 ಪೈಸೆ. ಪಾಸ್‌ಬುಕ್ಕನ್ನು ಪರೀಕ್ಷಿಸದೆ ಇದ್ದುದು ಸಂಸ್ಥೆಯ ಅಲಕ್ಷ್ಯವೆಂದು ಬ್ಯಾಂಕು ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಖೋಟಾ ರುಜುವಿನ ಚೆಕ್ಕು ಬ್ಯಾಂಕಿಗೆ ಅಪ್ಪಣೆಯೇ ಆಗಲಾರದು. ಪಾಸ್‌ಬುಕ್ಕನ್ನು ನೋಡಲಿಲ್ಲವೆಂಬ ಮಾತ್ರಕ್ಕೆ ಖಾತೆದಾರನು ತನ್ನ ಹಕ್ಕನ್ನು ಕಳೆದುಕೊಳ್ಳನು ಎಂದು ತೀರ್ಪಾಯಿತು. ಮೋಸವನ್ನು ತಿಳಿದೂ ಸುಮ್ಮನಿದ್ದವನ ಮಾತು ಬೇರೆ.

ಬೆನ್ನಿನ ಮೇಲಿನ ರುಜುವಿನ ವಿಷಯ ಹಾಗಲ್ಲ. ಒಬ್ಬ ಗೃಹಸ್ಥನು ಅಕ್ಕಿಯ ವರ್ತಕನ ಹೆಸರಿಗೆ, ಆತನಿಗೆ ಅಥವಾ ಆತನು ಹೇಳಿದವರಿಗೆ ಹಣ ಸಲ್ಲತಕ್ಕದ್ದೆಂದು ಆರ್ಡರ್ ಚೆಕ್ಕನ್ನು ಬರೆದು, ಗೆರೆ ಎಳೆಯದೆ ಗುಮಾಸ್ತನ ಕೈಗೆ ಕೊಟ್ಟನೆಂದು ಭಾವಿಸೋಣ. ಗುಮಾಸ್ತನು ಬೆನ್ನಿನ ಮೇಲೆ ವರ್ತಕನ ರುಜುವನ್ನು ತಾನೇ ಗೀಚಿ ಹಣವನ್ನು ಪಡೆಯುತ್ತಾನೆ. ಇಲ್ಲಿ ಖಾತೆದಾರನ ರುಜು ನಿಜವಾದುದು. ವರ್ತಕನ ರುಜುವಿನ ಮಾದರಿಯಾದರೋ ಆ ಬ್ಯಾಂಕಿನಲ್ಲಿ ಇರಬೇಕೆಂಬ ನಿಯಮವಿಲ್ಲ. ಆದಕಾರಣ 1881ನೆಯ ಇಸವಿಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 85ನೆಯ ಕಲಮು ಬ್ಯಾಂಕಿಗೆ ರಕ್ಷಣೆಯನ್ನು ಕೊಟ್ಟಿದೆ. ಬೆನ್ನಿನ ರುಜು ಮೇಲುನೋಟಕ್ಕೆ ಸರಿಯಾಗಿದ್ದು, ಬ್ಯಾಂಕು ಸದ್ಭಾವದಿಂದ, ಅಲಕ್ಷ್ಯವಿಲ್ಲದೆ ಹಣ ಕೊಟ್ಟಿದ್ದರೆ ಅದರ ಹೊಣೆ ತೀರಿತು. ವರ್ತಕನ ಸಾಲವಾದರೋ ತೀರಲಿಲ್ಲ. ಗೃಹಸ್ಥನು ಎರಡನೆಯ ಸಲ ಹಣವನ್ನು ತೆರಬೇಕಾಗುವುದು! ಚೆಕ್ಕಿನಲ್ಲಿ ಅಚ್ಚಾಗಿರುವ ‘ಬೇರರ್’ ಎಂಬ ಮಾತನ್ನು ಹೊಡೆದುಹಾಕದೆ ಬಿಟ್ಟರಂತೂ ಗುಮಾಸ್ತನಿಗೆ ಖೋಟಾ ರುಜುವಿನ ಶ್ರಮವೂ ಬೇಕಿಲ್ಲ; ತಂದವನಿಗೆ ಹಣ ಕೊಟ್ಟು ಬ್ಯಾಂಕು ಮುಕ್ತವಾಗುತ್ತದೆ.

ಚೆಕ್ಕಿಗೆ ಅಡ್ಡಲಾಗಿ ಎರಡು ಗೆರೆಗಳನ್ನು ಎಳೆದರೆ ಸ್ಥಿತಿ ಬದಲಾಗುವುದು. ಆಗ ಹಣವು ನಗದಾಗಿ ಕೈಗೆ ಸಿಕ್ಕದೆ ಯಾವುದಾದರೊಂದು ಬ್ಯಾಂಕಿನ ಖಾತೆಯ ಮೂಲಕವೇ ಹೋಗಬೇಕು. ಹಾಗೆ ವಸೂಲು ಮಾಡಿಕೊಡುವ ಬ್ಯಾಂಕಿಗೆ 131ನೆಯ ಕಲಮಿನ ರಕ್ಷಣೆಯುಂಟು. ಆದರೆ ಸದ್ಭಾವವೊಂದೇ ಸಾಲದು, ಅಲಕ್ಷ್ಯವೂ ಇರಕೂಡದು. ಇಂತಹ ಅಲಕ್ಷ್ಯಕ್ಕೆ ಇಂಗ್ಲೆಂಡಿನಲ್ಲಿ 1930ರ ದಶಕದ ಆರಂಭದಲ್ಲಿ ತೀರ್ಮಾನವಾದ ಲಾಯ್ಡ್ಸ್ ಬ್ಯಾಂಕು ಮತ್ತು ಸೇವರಿ ಕಂಪೆನಿಯ ವ್ಯಾಜ್ಯವು ನಿದರ್ಶನ. ಷೇರು ದಲ್ಲಾಳಿಗಳ ಇಬ್ಬರು ಗುಮಾಸ್ತರು ಯಜಮಾನರ ಚೆಕ್ಕುಗಳನ್ನು ಕದ್ದು, ಒಬ್ಬನು ತನ್ನ ಖಾತೆಗೂ ಮತ್ತೊಬ್ಬನು ಹೆಂಡತಿಯ ಖಾತೆಗೂ ಜಮೆ ಮಾಡಿಸಿದ್ದರು. ಖಾತೆಗಳನ್ನು ತೆರೆಯುವಾಗ ಅವರು ಯಾರ ಬಳಿ ಚಾಕರಿಯಲ್ಲಿರುವರೆಂದು ವಿಚಾರಿಸದೆ ಹೋದುದು ಅಲಕ್ಷ್ಯವೆಂದು ಹೌಸ್ ಆಫ್ ಲಾರ್ಡ್ಸ್ ನಿರ್ಣಯಿಸಿ ಬ್ಯಾಂಕನ್ನೇ ಹೊಣೆಮಾಡಿತು.

ಹೀಗಿರುವಾಗ ಗೃಹಸ್ಥರು ಮಾಡತಕ್ಕದ್ದೇನು? ಬರೆದ ಪ್ರತಿಯೊಂದು ಚೆಕ್ಕಿಗೂ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆಯುವುದು ಮೊದಲನೆಯದು. ಅಂತಹ ಚೆಕ್ಕನ್ನು ಹೆಸರುಳ್ಳವನ ಖಾತೆಗಲ್ಲದೆ ಅನ್ಯರ ಖಾತೆಗೆ ಜಮೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು ಸಾಮಾನ್ಯವಾಗಿ ವಿಧಿಸಿದೆ. ಬೆನ್ನಿನ ಮೇಲೆ ಎಷ್ಟು ರುಜುಗಳಿದ್ದರೂ ಅವುಗಳಿಂದ ಗುಮಾಸ್ತನಿಗೆ ಪ್ರಯೋಜನವಿಲ್ಲ. ಎರಡನೆಯದು, ಚೆಕ್ಕುಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಒಬ್ಬನ ಕೈಯಲ್ಲಿಯೇ ಬಿಡಕೂಡದು. ಮೂರನೆಯದು, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕವನ್ನು ತಾವೇ ತಾಳೆ ನೋಡತಕ್ಕದ್ದು. ಮಂಗಳೂರಿನ ತೀರ್ಪು ಹೀಗೆ ನೋಡದವನನ್ನೂ ಕಾಪಾಡಿತು, ದಿಟ. ಆದರೆ ಆ ಕಾಪು ಮುಖದ ಮೇಲಿನ ರುಜುವಿನದು. ಬೆನ್ನಿನ ಮೇಲಿನ ಮೋಸಕ್ಕೆ ಅದು ಒದಗದು. ಅಲ್ಲದೆ, ಸುಪ್ರೀಂ ಕೋರ್ಟಿನವರೆಗೆ ವ್ಯಾಜ್ಯವಾಡುವ ಶಕ್ತಿ ಎಷ್ಟು ಮನೆಗಳಿಗೆ ಇದ್ದೀತು? ಎರಡು ಗೆರೆಗಳನ್ನು ಎಳೆಯುವುದಕ್ಕಾದರೋ ಕಾಸಿನ ಖರ್ಚೂ ಇಲ್ಲ.